ಮಂಡಿ ಮೊಹಲ್ಲಾದ ಬೀಟೆ ಅಂಗಡಿ: ಹಿಂದಿನ ಕೋಣೆಗೆ ಪೂರ್ಣ ಅಂಕ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ (ತೋಡಿದ ಗುಳಿಗೆ ಬೇರೆ ಬಣ್ಣದ ಮರದ ತುಂಡು ಕೂರಿಸುವ ಕುಸುರಿ) ವಸ್ತುಗಳನ್ನು ಮಾರುವ ಈ ಸಣ್ಣ ಅಂಗಡಿಯ ವಿಶೇಷವೆಂದರೆ, ಹಿಂಬದಿಯ ಕಾರ್ಯಾಗಾರಕ್ಕೆ ಗಿರಾಕಿಗಳಿಗೂ ಪ್ರವೇಶವಿದೆ. ವಿಚಾರಗಳನ್ನು ಬದುಕಿನಲ್ಲಿ ಅವು ತರುವ ಪರಿಣಾಮದಿಂದ ಅಳೆಯುವ ಪ್ರಾಗ್ಮ್ಯಾಟಿಸಂ ಪಂಥದ ಅಮೆರಿಕನ್ ದಾರ್ಶನಿಕ ಜಾನ್ ಡ್ಯೂಯಿ 1931ರಲ್ಲಿ ಹಾರ್ವರ್ಡ್‌ನಲ್ಲಿ ನೀಡಿದ ಉಪನ್ಯಾಸಗಳು 1934ರಲ್ಲಿ ‘ಆರ್ಟ್ ಆ್ಯಸ್ ಎಕ್ಸ್‌ಪೀರಿಯನ್ಸ್’ ಎಂಬ ಪುಸ್ತಕವಾದವು. ಕಲೆಯನ್ನು ನಿತ್ಯಜೀವನದಿಂದ ಬೇರ್ಪಡಿಸಿ ಪೀಠದ ಮೇಲೆ ಕೂರಿಸಬಾರದೆಂಬ ಅವರ ವಾದ ನನಗೆ ಪೂರ್ತಿ ಮನದಟ್ಟಾದದ್ದು ಇಲ್ಲಿಯೇ.

ಕುಶಲಕರ್ಮಿ ಹಲಗೆಯಲ್ಲಿ ಆನೆಯಾಕಾರದ ಗುಳಿ ತೋಡಿ, ಹಲಸಿನ ಹಳದಿ ತುಂಡನ್ನು ಅದರಲ್ಲಿಟ್ಟು, ಬಿಗಿಯೆನಿಸಿದರೆ ಹೊರತೆಗೆದು ಅಂಚು ಉಜ್ಜಿ ಮತ್ತೆ ಕೂರಿಸುತ್ತಾರೆ. ಮಾಡುವುದು ಮತ್ತು ಮಾಡಿದ್ದರ ಪರಿಣಾಮಕ್ಕೆ ಒಳಗಾಗಿ ತಿದ್ದಿಕೊಳ್ಳುವುದು, ಇವೆರಡರ ಹೆಣಿಗೆಯಲ್ಲೇ ಅನುಭವ ರೂಪುಗೊಳ್ಳುತ್ತದೆ ಎಂದು ಡ್ಯೂಯಿ ಹೇಳುವುದು ಇಂಥ ಕೆಲಸವನ್ನೇ ಕುರಿತು. ನೋಡುಗನೂ ಸುಮ್ಮನೆ ಸ್ವೀಕರಿಸುವವನಲ್ಲ, ಕಂಡದ್ದನ್ನು ತನ್ನೊಳಗೆ ಮತ್ತೆ ಕಟ್ಟಿಕೊಳ್ಳಬೇಕಾದವನು ಎಂಬುದು ಅವರ ನಿಲುವು. ಕೆತ್ತನೆಯನ್ನು ಕಣ್ಣಾರೆ ಕಂಡ ಮೇಲೆ ಆನೆಯ ಸೊಂಡಿಲಿನ ತಿರುವಿನಲ್ಲಿ ಮರದ ಎಳೆಯ ದಿಕ್ಕನ್ನೂ ಗಮನಿಸತೊಡಗಿದೆ.

ಮುಂದಿನ ಮಾರಾಟದ ಕೋಣೆ ಮಾತ್ರ ನಿರಾಸೆ ತರಿಸುತ್ತದೆ. ವಸ್ತುಗಳೆಲ್ಲ ಗಾಜಿನ ಕಪಾಟಿನಲ್ಲಿವೆ, ಮುಟ್ಟಲು ಬಿಡುವುದಿಲ್ಲ, ಮೆರುಗೂ ಅತಿಯಾಯಿತು. 1992ರಿಂದೀಚೆಗೆ ಡ್ಯೂಯಿಯ ಧಾರೆಯನ್ನು ಮುಂದುವರಿಸಿದ ಅಮೆರಿಕನ್ ದಾರ್ಶನಿಕ ರಿಚರ್ಡ್ ಶುಸ್ಟರ್‌ಮನ್ ಸೌಂದರ್ಯಾನುಭವದಲ್ಲಿ ದೇಹಕ್ಕೆ ಕೊಟ್ಟ ಮಹತ್ವವನ್ನು ನೆನೆದರೆ, ಬೆರಳಿಗೆ ಸಿಗದ ಇನ್‌ಲೇ ಅರ್ಧವೇ ಸಿಕ್ಕಂತೆ. ಬೆಲೆ ಹೆಚ್ಚೇ, ಆದರೆ ದುಡಿಮೆಗೆ ತಕ್ಕದ್ದು. ಕೊಳ್ಳುವವರು ಮೊದಲು ಹಿಂದಿನ ಕೋಣೆಗೆ ಹೋಗಿ, ಪಾಲಿಶ್ ಕಡಿಮೆ ಇರುವ, ದಿನಬಳಕೆಗೆ ಒದಗುವ ಪೆಟ್ಟಿಗೆಯನ್ನೋ ತಟ್ಟೆಯನ್ನೋ ಕೇಳಿ ಪಡೆಯುವುದು ಒಳ್ಳೆಯದು.