ಹಳೇ ಅನಲೈಸರ್‌ಗಿಂತ ನನ್ನ ಸೌಂಡ್‌ಕಾರ್ಡೇ ವಾಸಿ

ದಾವಣಗೆರೆಯಲ್ಲಿ ನನ್ನದು ಆಂಪ್ಲಿಫೈಯರ್ ರಿಪೇರಿ. ಜಾತ್ರೆ, ಮದುವೆ ಸೀಸನ್ ಬಂತೆಂದರೆ ಮೈಕ್‌ಸೆಟ್‌ನವರ ಡಬ್ಬಗಳು ಬಾಗಿಲವರೆಗೂ ಸಾಲುಗಟ್ಟುತ್ತವೆ. ಬರೀ ಕಿವಿ ನಂಬಿ ಸಾಕಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಆಂಪ್ಲಿಫೈಯರಿನ ದನಿ ಅಳೆಯುವ ಪೆಟ್ಟಿಗೆ, ಸೆಕೆಂಡ್ ಹ್ಯಾಂಡ್ ಎಚ್‌ಪಿ 8903ಬಿ ಅನಲೈಸರ್ ತಂದೆ. ಬಸ್ಸಿನಲ್ಲಿ ಪೂರ್ತಿ ದಾರಿ ತೊಡೆ ಮೇಲೆ. ಕಾಲು ಜೋಮು ಹಿಡಿದದ್ದೇ ಬಂತು.

ಪೆಟ್ಟಿಗೆ ಕೆಟ್ಟಿರಲಿಲ್ಲ, ಅಳತೆಯೂ ಸರಿ. ಆದರೆ ಡಿಸ್ಟಾರ್ಷನ್‌ಗೆ, ಅಂದರೆ ಕೊಟ್ಟ ದನಿಗೆ ಸೇರಿಕೊಂಡ ಕಸಕ್ಕೆ, ಅದು ತೋರಿಸುವುದು ಒಂದೇ ಅಂಕಿ. 0.4 ಪರ್ಸೆಂಟ್. ಅದು ಗುಂಯ್ ಎನ್ನುವ ಹಮ್ಮೋ, ಔಟ್‌ಪುಟ್ ಟ್ರಾನ್ಸಿಸ್ಟರಿನ ಬಯಸ್ಸೋ (ಅದರಲ್ಲಿ ಸದಾ ಹರಿಯುವಂತೆ ಕೂರಿಸಿದ ಸಣ್ಣ ಕರೆಂಟು), ಸುಮ್ನೆ ಹಿಸ್ಸೋ? ಬಾಯಿ ಬಿಡುವುದಿಲ್ಲ. ರಿಪೇರಿಯವನಿಗೆ ಬೇಕಾದದ್ದು ಅದೇ ಅಲ್ವಾ?

ಲ್ಯಾಪ್‌ಟಾಪಿಗೆ ಯುಎಸ್‌ಬಿ ಸೌಂಡ್‌ಕಾರ್ಡ್ ಸಿಕ್ಕಿಸಿ ಆರ್‌ಇಡಬ್ಲ್ಯೂ ಎಂಬ ಅಳತೆಯ ಸಾಫ್ಟ್‌ವೇರ್ ಹಾಕಿದರೆ ಕತೆಯೇ ಬೇರೆ. ಸಾಫ್ಟ್‌ವೇರ್ ಪುಕ್ಕಟೆ. 1 ಕಿಲೋಹರ್ಟ್ಸ್ ಟೋನ್ ಬಿಟ್ಟರೆ ಇರುವ ಕಸವೆಲ್ಲ ಪರದೆ ಮೇಲೆ ಮುಳ್ಳು ಮುಳ್ಳಾಗಿ ಏಳುತ್ತದೆ. 100 ಹರ್ಟ್ಸಿನಲ್ಲಿ ಮುಳ್ಳಿದ್ದರೆ ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನ. 3, 5, 7 ಕಿಲೋಹರ್ಟ್ಸಿನಲ್ಲಿ ಸಾಲಾಗಿ ಎದ್ದರೆ ಮೊದಲು ಬಯಸ್ ನೋಡುತ್ತೇನೆ.

ಇದರಲ್ಲೂ ಒಂದು ಕಾಟವಿದೆ. ಮೂರು ದಿನ ತಿಂದ ಕಾಟ.

ಯಾವ ಆಂಪ್ಲಿಫೈಯರ್ ಹಚ್ಚಿದರೂ 50 ಹರ್ಟ್ಸಿನಲ್ಲಿ ಒಂದು ದಪ್ಪ ಮುಳ್ಳು. ಕೇಬಲ್ ಬದಲಿಸಿದೆ. ಟ್ರಾನ್ಸ್‌ಫಾರ್ಮರ್ ತಿರುಗಿಸಿ ಕೂರಿಸಿದೆ. ಕೊನೆಗೆ ಗಿರಾಕಿಯ ಡಬ್ಬದಲ್ಲಿ ಚೆನ್ನಾಗಿದ್ದ ಎರಡು ದೊಡ್ಡ ಕೆಪಾಸಿಟರ್ ಕಿತ್ತು ಹೊಸವು ಹಾಕಿದೆ, ನನ್ನ ದುಡ್ಡಿನಲ್ಲಿ. ಮುಳ್ಳು ಅಲ್ಲಾಡಲಿಲ್ಲ. ಮನೆ ಕರೆಂಟು 50 ಹರ್ಟ್ಸ್; ಅದನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರಿನ ರಿಪಲ್, ಅಂದರೆ ಉಳಿದ ಅಲೆ, 100ರಲ್ಲಿ ಬರಬೇಕು, 50ರಲ್ಲಲ್ಲ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಮಾಡಿದ್ದೆ.

ಮೂರನೇ ದಿನ ಅಂಗಡಿ ಹುಡುಗ ಸೋಲ್ಡರಿಂಗ್ ಐರನ್‌ಗೆ ಪ್ಲಗ್ ಸಾಲದೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ. ಮುಳ್ಳು ದಬಕ್ಕನೆ ಕೆಳಗೆ ಬಿತ್ತು! ಚಾರ್ಜರಿಗೂ ಮೂರು ಪಿನ್, ಆಂಪ್ಲಿಫೈಯರಿಗೂ ಮೂರು ಪಿನ್. ಎರಡು ಅರ್ತಿಂಗ್ ಸೇರಿ ನನ್ನ ಆಡಿಯೊ ಕೇಬಲ್ಲಿನೊಳಗೇ ಸುತ್ತು ಹೊಡೆಯುತ್ತಿದ್ದವು. ಆಂಪ್ಲಿಫೈಯರಿನ ಅರ್ತ್ ಪಿನ್ ಮಾತ್ರ ಕೀಳಬೇಡಿ, ಶಾಕ್ ಹೊಡೆಯುತ್ತದೆ. ಲ್ಯಾಪ್‌ಟಾಪನ್ನೇ ಬ್ಯಾಟರಿಯಲ್ಲಿ ಓಡಿಸಿ.

ಚಿತ್ರದುರ್ಗದ ಗೆಳೆಯನಿಂದ ಎರಡು ದಿನಕ್ಕೆ ಕ್ವಾಂಟ್‌ಅಸೈಲಮ್ ಕ್ಯೂಎ403 ಎಂಬ ಯುಎಸ್‌ಬಿ ಅನಲೈಸರ್ ತಂದಿದ್ದೆ. ಲ್ಯಾಪ್‌ಟಾಪಿನ ಅರ್ತನ್ನು ಆಡಿಯೊ ಕಡೆಯಿಂದ ಬೇರ್ಪಡಿಸುವ ಯುಎಸ್‌ಬಿ ಐಸೊಲೇಷನ್ ಒಳಗೇ ಇರುವುದರಿಂದ ಈ ರಗಳೆ ಇಲ್ಲ. 8 ಓಮ್‌ಗೆ 100 ವ್ಯಾಟ್ ಅಂದರೆ 28.3 ವೋಲ್ಟ್, ಅದನ್ನೂ ನೇರವಾಗಿ ತಗೊಳ್ಳುತ್ತದೆ. ಸೌಂಡ್‌ಕಾರ್ಡಿಗೆ ಅಷ್ಟು ಕೊಟ್ಟರೆ ಸತ್ತೇ ಹೋಗುತ್ತದೆ. ಅದಕ್ಕೆ 9.1 ಕೆ, 1 ಕೆ ರೆಸಿಸ್ಟರ್ ಸೇರಿಸಿ, ವೋಲ್ಟನ್ನು ಸುಮಾರು ಹತ್ತರಲ್ಲೊಂದಕ್ಕೆ ಇಳಿಸುವ ಸಣ್ಣ ಡಬ್ಬಿ ಮಾಡಿಕೊಂಡಿದ್ದೇನೆ.

ಬ್ರಿಡ್ಜ್ ಔಟ್‌ಪುಟ್, ಅಂದರೆ ಸ್ಪೀಕರಿನ ಎರಡೂ ತುದಿಯಲ್ಲಿ ಸಿಗ್ನಲ್ ಇರುವ ಕ್ಲಾಸ್ ಡಿ ಆಂಪ್ಲಿಫೈಯರ್ ಬಂದರೆ ಸ್ಪೀಕರ್ ಮೈನಸ್ಸಿಗೆ ಗ್ರೌಂಡ್ ಕ್ಲಿಪ್ ಹಾಕಲೇಬೇಡಿ.

ದುಡ್ಡಿದ್ದು ದಿನವಿಡೀ ಅಳೆಯುವವರು ಕ್ಯೂಎ403 ತಗೊಳ್ಳಿ. ನಾನು ಅಳೆಯುವುದು ದಿನಕ್ಕೆ ಮೂರೋ ನಾಲ್ಕೋ ಡಬ್ಬ, ಅರ್ಧ ತಾಸಿನ ಬ್ಯಾಟರಿ ಧಾರಾಳ ಸಾಕು. ಚಾರ್ಜರ್ ಪ್ಲಗ್ಗಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ.