ಕಾಕರ್ರಾ, ಸ್ಪ್ರಿಂಗರ್ರಾ? ದಾವಣಗೆರೆ ಮನೆಗೆ ಯಾವ ಸ್ಪ್ಯಾನಿಯಲ್ ನಾಯಿ
ಮೊದ್ಲು ಒಂದ್ ವಿಷ್ಯ, ಇವೆರಡೂ ಒಂದ್ ಕಾಲಕ್ಕೆ ಒಂದೇ ಸೂಲಲ್ಲಿ ಹುಟ್ತಿದ್ವು, ಸಣ್ಣದು ಕಾಕರ್ ದೊಡ್ಡದು ಸ್ಪ್ರಿಂಗರ್ ಅಂತಿದ್ರು, ನಾಯಿ ತಳಿ ದಾಖಲಿಸೋ ಬ್ರಿಟನ್ನಿನ ಕೆನಲ್ ಕ್ಲಬ್ 1892ರಲ್ಲಿ ಕಾಕರ್‌ನ, 1902ರಲ್ಲಿ ಸ್ಪ್ರಿಂಗರ್‌ನ ಬೇರೆ ತಳಿ ಅಂತ ಒಪ್ಕೊಂಡಿದ್ದು. ಹಂಗಾಗಿ ಹುಟ್ಟುಗುಣ ಒಂದೇ ನೋಡ್ರಿ, ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸೋದು.

ಸ್ಪ್ರಿಂಗರ್ 20 ಕೆಜಿ ದಾಟುತ್ತೆ, ಬಯಲಲ್ಲಿ ಎಡಕ್ಕೂ ಬಲಕ್ಕೂ ಹಾವಿನಂಗೆ ಓಡ್ತಾ ವಾಸನೆ ಹುಡುಕುತ್ತೆ. ಕಾಕರ್ 13-14 ಕೆಜಿ, ಜಾಲಿ ಪೊದೆಗೂ ತೂರ್ಕೊಂಡ್ ಹೋಗುತ್ತೆ, ಆದ್ರೆ ನನ್ ಲೆಕ್ಕದಲ್ಲಿ ಹಠ ಜಾಸ್ತಿ. ನುಗ್ಗೋದನ್ನ ಎರಡಕ್ಕೂ ಕಲಿಸ್ಬೇಕಿಲ್ಲ, ಕಲಿಸ್ಬೇಕಾಗಿರೋದು ನಿಲ್ಲೋದನ್ನ, ಹಕ್ಕಿ ಪುರ್ ಅಂದ ತಕ್ಷಣ ಬೆನ್ನತ್ತದೆ ಕುಂಡ್ರಬೇಕು, ಅದಕ್ಕೆ ಮೊದ್ಲು ಊಟದ ತಟ್ಟೆ ಮುಂದೆ ಕೂರ್ಸಿ, ಆಮೇಲೆ ಚೆಂಡು ಎಸೆದು ಸೀಟಿ ಹೊಡೆದು ಕೂರ್ಸಿ, ದಿನಾ ಹತ್ ನಿಮಿಷ ಸಾಕು.

ಬೇಟೆ ಆಸೆ ಬಿಡ್ರಿ, 1972ರ ವನ್ಯಜೀವಿ ಕಾಯ್ದೆ ಐತೆ, ಚಿತ್ರದುರ್ಗದ ಜೋಗಿಮಟ್ಟಿ ಕಡೆ ನವಿಲು ಇರೋ ಜಾಗಕ್ಕೆ ನಾಯಿನೇ ಒಯ್ಯಬೇಡಿ. ಬಟ್ಟೆ ಉಂಡೆ ಬಚ್ಚಿಟ್ಟು ಹುಡುಕಿಸಿದ್ರೂ ಅದಕ್ಕೆ ಅಷ್ಟೇ ಖುಷಿ.

ನಮ್ ಬಿಸಿಲಿಗೆ ಎರಡಕ್ಕೂ ಬೆಳಗ್ಗೆ ಏಳರೊಳಗೆ ಓಟ ಮುಗೀಬೇಕು, ಜೋತು ಕಿವಿಲಿ ರಕ್ತ ಹೀರೋ ಉಣ್ಣೆ ಹುಳ ಐತಾ ನೋಡ್ಬೇಕು. ಅಡಿಕೆ ತೋಟ ಇದ್ರೆ ಸ್ಪ್ರಿಂಗರ್, 30-40 ಸೈಟಿನ ಮನೆಗೆ ಕಾಕರ್ರೇ.