ಸಿಕ್ಕಿಕೊಳ್ಳುತ್ತಿದ್ದದ್ದು ಪಿಸ್ತೂಲೋ, ನನ್ನ ಮಣಿಕಟ್ಟೋ: ನಾಲ್ಕು ಹಿಡಿತಗಳ ಹೋಲಿಕೆ

ಮೊದಲು ನಾನು ಬೈದದ್ದು ಪೊಲೀಸ್ ಠಾಣೆಯನ್ನು. ಚುನಾವಣೆ ಬಂತೆಂದರೆ ಬೆಂಗಳೂರಿನಲ್ಲಿ ಲೈಸೆನ್ಸ್ ಇರುವವರು ಆಯುಧ ಒಪ್ಪಿಸಬೇಕಲ್ಲ, ಹಾಗೆ ಒಪ್ಪಿಸಿ ವಾಪಸು ತಂದ ಮೇಲೆ ನನ್ನ .32 ಪಿಸ್ತೂಲು ನಾಲ್ಕೈದು ಗುಂಡಿಗೊಮ್ಮೆ ಸಿಕ್ಕಿಕೊಳ್ಳತೊಡಗಿತು. ಠಾಣೆಯ ಬೀರುವಿನಲ್ಲಿ ತೇವ ಹಿಡಿದಿರಬೇಕು ಎಂದುಕೊಂಡೆ. ಆಮೇಲೆ ಸ್ಪ್ರಿಂಗನ್ನು ಬೈದೆ, ಅದಾದ ಮೇಲೆ ಕಾಡತೂಸುಗಳನ್ನು. ರಿಪೇರಿಯವರು ಎರಡು ಸಲ ಬಿಚ್ಚಿ ನೋಡಿ, ಎಣ್ಣೆ ಹಾಕಿ, ‘ಏನೂ ಆಗಿಲ್ಲ ಸಾರ್’ ಎಂದು ಕೈಗಿಟ್ಟರು. ಕೊನೆಗೆ ನಮ್ಮ ಕ್ಲಬ್ಬಿನ ತರಬೇತುದಾರರು ಅದನ್ನೇ ತೆಗೆದುಕೊಂಡು ಹತ್ತು ಗುಂಡು ಹಾರಿಸಿದರು. ಒಮ್ಮೆಯೂ ತಡೆಯಲಿಲ್ಲ. ಅವರು ಕೊಡಗಿನವರು, ಟ್ರಿಗರ್ ಎನ್ನುವುದಿಲ್ಲ, ಕುದುರೆ ಎನ್ನುತ್ತಾರೆ. ‘ನಿಮ್ಮ ಕುದುರೆ ಚೆನ್ನಾಗಿದೆ, ಸವಾರನನ್ನು ರಿಪೇರಿ ಮಾಡಿಸಿ’ ಎಂದರು.

ಅವಮಾನವಾದರೂ ಪರೀಕ್ಷಿಸಿ ನೋಡೋಣ ಎನಿಸಿತು. ನಾಲ್ಕು ಹಿಡಿತ, ಒಂದೊಂದಕ್ಕೆ ಐದೈದು ಗುಂಡಿನ ನಾಲ್ಕು ಮ್ಯಾಗಜೀನ್ (ಹಿಡಿಕೆಯೊಳಗೆ ಕೂರುವ ಕಾಡತೂಸಿನ ಡಬ್ಬಿ), ಒಟ್ಟು 80 ಗುಂಡು. ಕಾಡತೂಸಿಗೂ ವಾರ್ಷಿಕ ಮಿತಿ ಇರುವ ನಮ್ಮಲ್ಲಿ ಇದು ಸಣ್ಣ ಖರ್ಚಲ್ಲ. ಎಲ್ಲವೂ ಒಂದೇ ತಯಾರಿಕೆಯವು, ಪ್ರತಿ ಹಿಡಿತಕ್ಕೂ ಮುನ್ನ ಪಿಸ್ತೂಲನ್ನು ಒರೆಸಿದೆ. ಇನ್ನೊಂದು ಎಚ್ಚರವೂ ಬೇಕಿತ್ತು. 1899ರಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ ಈ ಕಾಡತೂಸಿನ ಬುಡದಲ್ಲಿ ಸಣ್ಣದೊಂದು ಅಂಚು ಹೊರಗೆ ಚಾಚಿರುತ್ತದೆ. ತುಂಬುವಾಗ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದೆ ಕುಳಿತರೆ, ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಭಾಗ, ಎಷ್ಟು ತಳ್ಳಿದರೂ ಮೇಲಿನ ಕಾಡತೂಸು ಮುಂದೆ ಹೋಗದು. ಆ ತಪ್ಪು ಹಿಡಿತದ ಲೆಕ್ಕಕ್ಕೆ ಸೇರಬಾರದೆಂದು ಒಂದೊಂದನ್ನೂ ಉಗುರಿನಿಂದ ಮುಟ್ಟಿ ನೋಡಿಯೇ ತುಂಬಿದೆ.

ಮೊದಲನೆಯದು ನನ್ನ ಹಳೆಯ ಅಭ್ಯಾಸ: ಒಂದೇ ಕೈ, ಸಡಿಲ ಮಣಿಕಟ್ಟು. ನಾನು ಕಲಿತದ್ದು ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ. ಅದಕ್ಕೆ ಒದೆತವೇ ಇಲ್ಲವೆನ್ನಬೇಕು, ಮಣಿಕಟ್ಟು ಮೆತ್ತಗಿದ್ದರೂ ಯಾರೂ ಕಂಡುಹಿಡಿಯುವುದಿಲ್ಲ. ಇಲ್ಲಿ ಮೂರನೆಯ ಗುಂಡಿಗೇ ಬಂಡವಾಳ ಬಯಲಾಯಿತು. ಖಾಲಿ ಕಾಡತೂಸು ಹೊರಗೆ ಹಾರುವ ಬದಲು ಸ್ಲೈಡಿನ ಕಿಂಡಿಯಲ್ಲಿ ಕಚ್ಚಿಕೊಂಡು, ಅಡುಗೆಮನೆಯ ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತಿತು, ಬಾಯಲ್ಲಿ ಸಣ್ಣ ಹೊಗೆಯೂ ಇತ್ತು. ಬೆರಳನ್ನು ಟ್ರಿಗರ್‌ನಿಂದ ಹೊರಗಿಟ್ಟು, ಮೂತಿಯನ್ನು ಗುರಿಹಲಗೆಯತ್ತಲೇ ಹಿಡಿದು, ಸಿಕ್ಕಿಕೊಂಡಿದೆ ಎಂದು ತಿಳಿಸಲು ಎಡಗೈ ಎತ್ತಿ ನಿಂತೆ. ಇಪ್ಪತ್ತರಲ್ಲಿ ನಾಲ್ಕು ಸಲ ಹೀಗೆ ಕೈ ಎತ್ತಿದೆ: ಮೂರು ಸಲ ಹೊಗೆಕೊಳವೆ, ಒಂದು ಸಲ ಹೊಸ ಕಾಡತೂಸೇ ಮೇಲೆ ಬರಲಿಲ್ಲ.

ಯಾಕೆ ಹೀಗೆ? ಹಗುರವಾದ ಮೇಜಿನ ಬಿಗಿ ಡ್ರಾಯರನ್ನು ಎಳೆದು ನೋಡಿ. ಮೇಜನ್ನು ಒತ್ತಿ ಹಿಡಿಯದಿದ್ದರೆ ಡ್ರಾಯರ್ ತೆರೆಯುವುದಿಲ್ಲ, ಮೇಜೇ ನಿಮ್ಮ ಕಡೆ ಬರುತ್ತದೆ. ನನ್ನ ಪಿಸ್ತೂಲಿನಲ್ಲಿ ಗುಂಡು ಹಾರುವ ಹೊತ್ತಿಗೆ ಹಿಂಬದಿಯನ್ನು ಮುಚ್ಚಿ ಹಿಡಿಯಲು ಬೇರೆ ಬೀಗವಿಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲ ಅಷ್ಟೇ. ಸ್ಲೈಡ್ ಪೂರ್ತಿ ಹಿಂದೆ ಬಂದರೆ ಮಾತ್ರ ಖಾಲಿ ಕಾಡತೂಸು ಹಾರುತ್ತದೆ, ಹೊಸದು ಮೇಲೇರುತ್ತದೆ. ಕೈ ಸಡಿಲವಿದ್ದರೆ ಕೆಳಗಿನ ಚೌಕಟ್ಟೂ ಸ್ಲೈಡಿನ ಜೊತೆಗೇ ಹಿಂದೆ ಬರುತ್ತದೆ. ಎರಡೂ ಒಟ್ಟಿಗೆ ಓಡಿದರೆ ಸ್ಲೈಡ್ ಕ್ರಮಿಸಬೇಕಾದ ದೂರ ಕ್ರಮಿಸುವ ಮೊದಲೇ ಅದರ ಶಕ್ತಿ ಮುಗಿದಿರುತ್ತದೆ. ಚೌಕಟ್ಟು ಹಗುರವಾದಷ್ಟೂ ಈ ತೊಂದರೆ ಹೆಚ್ಚು. ಕ್ಲಬ್ಬಿನ ಭಾರದ .22 ಸ್ಪರ್ಧಾ ಪಿಸ್ತೂಲಿನಲ್ಲಿ ಇದೇ ಸಡಿಲ ಕೈಯಿಂದ ಎರಡು ಮ್ಯಾಗಜೀನ್ ಹಾರಿಸಿದೆ, ಏನೂ ಆಗಲಿಲ್ಲ. ಆ ವರ್ಗದಲ್ಲಿ 1400 ಗ್ರಾಂವರೆಗೆ ತೂಕಕ್ಕೆ ಅವಕಾಶವಿದೆ, ನನ್ನದು ಅದರ ಅರ್ಧದಷ್ಟೂ ಇರಲಾರದು.

ಎರಡನೆಯದು ಅದೇ ಒಂದು ಕೈ, ಆದರೆ ಮಣಿಕಟ್ಟಿಗೆ ಬೀಗ. ಬೆರಳುಗಳನ್ನು ಹಿಸುಕುವುದಲ್ಲ, ಮುಂಗೈಯಿಂದ ಗೆಣ್ಣಿನವರೆಗೆ ಒಂದೇ ಕೋಲು ಎನ್ನುವಂತೆ ಗಟ್ಟಿ ಮಾಡುವುದು, ಅಂಗೈಯನ್ನು ಹಿಡಿಕೆಯ ಮೇಲ್ತುದಿಯವರೆಗೂ ಏರಿಸುವುದು. ಹದಿನೇಳು ಗುಂಡು ನೀರು ಹರಿದಂತೆ ಹೋದವು. ಹದಿನೆಂಟನೆಯದಕ್ಕೆ ಹೊಗೆಕೊಳವೆ. ಮುಂಗೈ ನಡುಗುತ್ತಿದ್ದದ್ದು ನನಗೇ ಗೊತ್ತಾಗಿತ್ತು, ಹಟಕ್ಕೆ ಹಾರಿಸಿದ್ದೆ.

ಮೂರನೆಯದಕ್ಕೆ ನಾನಿಟ್ಟ ಹೆಸರು ಲೋಟ-ಡಬರಿ ಹಿಡಿತ. ಬಲಗೈಯ ಕೆಳಗೆ ಎಡಗೈಯನ್ನು ಡಬರಿಯಂತೆ ಒಡ್ಡುವುದು. ಸಿನಿಮಾದಲ್ಲಿ ಚೆಂದ ಕಾಣುತ್ತದೆ, ಹೊಸಬರೆಲ್ಲ ಹೀಗೇ ಹಿಡಿಯುತ್ತಾರೆ. ಇದರ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಡಬರಿ ಲೋಟದ ಭಾರ ಹೊರುತ್ತದೆ, ಮೂತಿ ಮೇಲಕ್ಕೆ ಚಿಮ್ಮುವುದನ್ನು ತಡೆಯುವುದಿಲ್ಲ. ಇಪ್ಪತ್ತರಲ್ಲಿ ಎರಡು ಸಲ ನಿಂತಿತು. ಎರಡನೇ ಕೈ ಇದ್ದೂ ಇಲ್ಲದಂತೆ.

ನಾಲ್ಕನೆಯದರಲ್ಲಿ ಎಡ ಅಂಗೈ ಹಿಡಿಕೆಯ ಖಾಲಿ ಮಗ್ಗುಲನ್ನು ತುಂಬುತ್ತದೆ, ಎರಡೂ ಹೆಬ್ಬೆರಳು ಗುರಿಯತ್ತ ಚಾಚಿರುತ್ತವೆ. ಇಪ್ಪತ್ತಕ್ಕೆ ಇಪ್ಪತ್ತೂ ಹಾರಿದವು. ಆದರೆ ಬೇರೊಂದು ತಕರಾರು ಬಂತು. ಮ್ಯಾಗಜೀನ್ ಖಾಲಿಯಾದಾಗ ಸ್ಲೈಡ್ ಹಿಂದೆಯೇ ನಿಲ್ಲಬೇಕು, ನಾಲ್ಕರಲ್ಲಿ ಮೂರು ಸಲ ಅದು ಮುಚ್ಚಿಕೊಂಡಿತು. ಖಾಲಿಯೆಂದು ತಿಳಿಯದೆ ಒತ್ತಿದರೆ ಟಿಕ್ ಎಂಬ ಸದ್ದು ಮಾತ್ರ. ಪಿಸ್ತೂಲಿನ ಮೇಲೆ ಮತ್ತೆ ಸಿಟ್ಟು ಬರುವಷ್ಟರಲ್ಲಿ ಪಕ್ಕದಲ್ಲಿದ್ದವರು ನನ್ನ ಬಲ ಹೆಬ್ಬೆರಳನ್ನು ತೋರಿಸಿದರು. ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸಣ್ಣ ಸನ್ನೆಕೋಲಿನ ಮೇಲೆ ಅದು ಆರಾಮಾಗಿ ಮಲಗಿತ್ತು. ಅಕ್ಕಿಕಾಳಿನಷ್ಟು ಕೆಳಗೆ ಸರಿಸಿದೆ, ಸರಿಹೋಯಿತು. ಹೆಬ್ಬೆರಳು ಸ್ಲೈಡನ್ನೇ ಉಜ್ಜುತ್ತಿದ್ದರೂ ಅದರ ಓಟ ಕುಗ್ಗುತ್ತದೆ, ಅದೂ ಗಮನದಲ್ಲಿರಲಿ.

ಎಡ ಹೆಬ್ಬೆರಳನ್ನು ಸ್ಲೈಡಿನ ಹಿಂದೆ ಅಡ್ಡ ಹಾಕುವ ಐದನೆಯ ಹಿಡಿತವೂ ಒಂದಿದೆ. ಅದನ್ನು ಪರೀಕ್ಷಿಸಲಿಲ್ಲ. ಹಾಗೆ ಹಿಡಿದವರೊಬ್ಬರ ಹೆಬ್ಬೆರಳ ಬುಡದಲ್ಲಿರುವ ಎರಡು ಗೆರೆ ಗಾಯದ ಗುರುತು ನೋಡಿದ್ದೇನೆ, ಸಾಕು.

ಸ್ಪರ್ಧೆಯಲ್ಲಿ ಒಂದೇ ಕೈ ಎಂಬ ನಿಯಮವಿರುವುದರಿಂದ ಅಲ್ಲಿಗೆ ಎರಡನೆಯದು, ಉಳಿದಂತೆ ನಾಲ್ಕನೆಯದು ಎಂದು ತೀರ್ಮಾನಿಸಿದ್ದೇನೆ. ಒಂದು ಕೈಯಲ್ಲಿ ಹದಿನೈದು ಗುಂಡಾದ ಮೇಲೆ ಪಿಸ್ತೂಲು ಕೆಳಗಿಟ್ಟು ಕಾಫಿಗೆ ಹೋಗುತ್ತೇನೆ. ಅವಸರದಲ್ಲಿ ತರಿಸಿದ್ದ ಹೊಸ ಸ್ಪ್ರಿಂಗ್ ಇನ್ನೂ ಪೊಟ್ಟಣದಲ್ಲೇ ಇದೆ. ಠಾಣೆಯ ಬೀರುವಿನ ಬಗ್ಗೆ ಆಡಿದ ಮಾತನ್ನೂ ವಾಪಸು ತೆಗೆದುಕೊಂಡಿದ್ದೇನೆ.